ಮಗ್ಗದ ಬಳಿಗೆ ಬಂದ ಠಾಣೆ

ಗದ್ವಾಲ ಸೀರೆಯ ಅಂಚು ಒಡಲಿಗೆ ಕೂಡಬೇಕಾದರೆ ಒಂದೇ ಮಗ್ಗದಲ್ಲಿ ಇಬ್ಬರು ಕೂರಬೇಕು. ಯಲ್ಲಯ್ಯ, ಬಾಲಮ್ಮ ಮದುವೆಯಾದಂದಿನಿಂದ ಹಾಗೆಯೇ ಕೂತಿದ್ದಾರೆ: ಕಾಲು ಮಗ್ಗದ ಗುಂಡಿಯಲ್ಲಿ, ಮುಖ ಬೀದಿಬಾಗಿಲಿಗೆ. ಗಂಡ ಹೆಂಡಿರು ಮಾತು ಬಿಟ್ಟ ದಿನವೂ ಲಾಳಿ ಬಿಟ್ಟವರಲ್ಲ.

ಆ ಬಾಗಿಲ ಮುಂದೆಯೇ ಒಂದು ಕಾರು, ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಡುವ ಪೋಚಮ್ಮನನ್ನು ಕೆಡವಿ, ನಿಲ್ಲದೆ ಹೋಯಿತು. ಅವಳ ಕಾಲು ಮುರಿಯಿತು. ಪೊಲೀಸರ ಗುಮಾನಿಗೆ ಬಿದ್ದ ಕಾರಿನವನು, "ನಾ ಆ ಓಣಿಗೇ ಬಂದಿಲ್ಲ" ಎಂದ. ಓಡಿಹೋಗಿ ಎತ್ತಿದವಳು ಬಾಲಮ್ಮ. ಠಾಣೆಯ ಫೋನೂ ಅವಳಿಗೇ ಬಂತು: ಬಂದು ಹೇಳಿಕೆ ಕೊಡಬೇಕು. ಅವಳು ಬಾಯಿ ಬಿಡದಿದ್ದರೆ ಕಾರಿನವನ ಮಾತೇ ನಿಜವಾಗುತ್ತಿತ್ತು.

"ನೀ ಏನೂ ನೋಡಿಲ್ಲ," ಎಂದ ಯಲ್ಲಯ್ಯ.

"ನೋಡೀನಿ. ಕೆಂಪು ಕಾರು."

"ಕೆಂಪಂತ ಕೆಂಪು! ಬಿಸಿಲಾಗ ನಿನಗ ಬಣ್ಣ ಎಲ್ಲಿ ಕಾಣತೈತಿ?"

"ನಿನ್ನ ಸೀರಿಗೆ ಇಷ್ಟು ವರ್ಷ ಬಣ್ಣ ಆರಿಸಿದವರು ಯಾರು, ನಿಮ್ಮಪ್ಪನಾ?"

"ನಮ್ಮ ಮನಿತನದಾಗ ಅಮೀನ್ ಸಾಬನ ಮುಂದ ನಿಂತವರಿಲ್ಲ!"

ಎಸ್ಸೈಯನ್ನು ಅಮೀನ್ ಎನ್ನುವ ಕಾಲ ನಿಜಾಮರೊಂದಿಗೇ ಹೋಯಿತು. ಯಲ್ಲಯ್ಯನ ಅಂಜಿಕೆಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ.

ಜಗಳ ಕೇಳಿ, ಓಣಿಯ ಗುಡಿಯ ಅರ್ಚಕರ ಮಗಳು ವಸುಧಾ ಒಳಗೆ ಬಂದಳು. ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕಿ ಅವಳು.

"ಕಾಕಾ, ಸಾಕ್ಷಿ ಹೇಳೋ ಹೆಣ್ಣುಮಕ್ಕಳನ್ನ ಠಾಣೆಗೇ ಬಾ ಅಂತ ಒತ್ತಾಯ ಮಾಡಂಗಿಲ್ರಿ. ಪೊಲೀಸರೇ ಮನಿಗೆ ಬಂದು ಕೇಳಬೇಕು. ಅರವತ್ತು ದಾಟಿದ ಗಂಡಸರಿಗೂ, ಹದಿನೈದು ತುಂಬದ ಹುಡುಗರಿಗೂ, ಅಂಗವಿಕಲರಿಗೂ, ಜೋರು ಜಡ್ಡಿನವರಿಗೂ ಇದೇ ಕಾನೂನು."

"ಅಮೀನ್ ಸಾಬ್ ಈ ಮನಿಗೆ? ನಮ್ಮ ಬಾಗಿಲು ಅವರ ಟೋಪಿಗೆ ಬಡೀತೈತಿ!"

"ಬಗ್ಗತಾರ ಬಿಡ್ರಿ."

"ಆಮ್ಯಾಲ ಹೆಬ್ಬೆಟ್ಟು ಒತ್ತು ಅಂತಾರ."

"ಪೊಲೀಸರು ಬರಕೊಂಡ ಸಾಕ್ಷಿ ಹೇಳಿಕೆಗೆ ಸಹಿ, ಹೆಬ್ಬೆಟ್ಟು ಏನೂ ಬೇಕಾಗಿಲ್ರಿ."

ಯಲ್ಲಯ್ಯ ಮಗ್ಗದ ಹಾಸಿನಲ್ಲಿ ಕಡಿದ ಎಳೆಯೊಂದಕ್ಕೆ ಗಂಟು ಹಾಕಿದ.

"ದಿಲ್ಲಿಯಾಗ ಕುಂತು ಕಾನೂನು ಬರದವರಿಗೆ ನಮ್ಮ ಬಾಲಮ್ಮ ಹೆಂಗ ಗೊತ್ತಾದಳು?"

ವಸುಧಾ ಠಾಣೆಗೆ ಫೋನು ಮಾಡಿದಳು. ಮಧ್ಯಾಹ್ನ ಎಸ್ಸೈ ಮಹಿಳಾ ಪೇದೆಯೊಂದಿಗೆ ಬಂದರು. ಬಾಗಿಲಲ್ಲಿ ಬಗ್ಗಿದರು. ಬಾಲಮ್ಮನ ಕಾಲು ಗುಂಡಿಯಲ್ಲಿತ್ತು. ನಿಂತು ಕೇಳಿದರೆ ಮುದುಕಿ ಕತ್ತೆತ್ತಬೇಕು. ಎಸ್ಸೈ ಟೋಪಿ ತೆಗೆದು ಚಾಪೆಯ ಮೇಲೆ ಕೂತರು.

"ಹೇಳಮ್ಮಾ."

ಅಷ್ಟು ದೊಡ್ಡ ಠಾಣೆ ತನ್ನ ಹೆಂಡತಿಯ ಒಂದು ಮಾತಿಗಾಗಿ ನೆಲದ ಮೇಲೆ ಕಾಯುತ್ತಿರುವುದನ್ನು ಯಲ್ಲಯ್ಯ ಬಾಯಿ ತೆರೆದು ನೋಡಿದ. ಬಾಲಮ್ಮ ಎಳೆ ತಪ್ಪದೆ ಹೇಳಿದಳು.

"ಮತ್ತ ಯಾರರೆ ನೋಡ್ಯಾರೇನು?"

ಪಕ್ಕದಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು.

"ನಾನೂ ನೋಡೀನ್ರಿ ಸಾಬ್," ಎಂದ ಯಲ್ಲಯ್ಯ. "ಕೆಂಪು ಕಾರು. ಹಿಂದಿನ ಎಡಗಡಿ ದೀಪ ಒಡದಿತ್ರಿ."

"ಅಯ್ಯ! ಅದನ್ನ ನಾ ನೋಡೇ ಇಲ್ಲ," ಎಂದಳು ಬಾಲಮ್ಮ.

ಅಕ್ಕಂದಿರೇ, ಅಣ್ಣಂದಿರೇ, ಠಾಣೆಗೆ ಅಂಜಿ ಕಂಡದ್ದನ್ನು ನುಂಗಬೇಡಿ. ಇಷ್ಟವಿದ್ದರೆ ನೀವೇ ಹೋಗಿ. ಇಲ್ಲವೆಂದರೆ, ವಸುಧಾ ಹೇಳಿದವರಲ್ಲಿ ನೀವೂ ಒಬ್ಬರಾದರೆ, ಮನೆಯಲ್ಲೇ ಹೇಳುವ ಹಕ್ಕು ನಿಮ್ಮದು. ತಿಳಿಯದಿದ್ದರೆ 15100ಕ್ಕೆ ಫೋನು ಮಾಡಿ, ಕಾನೂನು ಸಲಹೆ ಉಚಿತ. ಬಾಗಿಲು ಗಿಡ್ಡವೆಂದು ನಾಚಬೇಡಿ, ಬರುವವರು ಬಗ್ಗಿ ಬರುತ್ತಾರೆ.