ಏಳು ಗಂಟೆಯ ಹಳದಿ ಬೆಳಕು

ಮಹಾರಾಷ್ಟ್ರದ ಗಡಿಯೂರು ಉದಗೀರದ ಆ ಇಕ್ಕಟ್ಟಾದ ಗಲ್ಲಿಯಲ್ಲಿ ಬಟ್ಟೆ ಅಂಗಡಿ ಒಂದು ಕಡೆ, ಎದುರಿಗೆ ಮೇಲಿನ ಅಂತಸ್ತಿನಲ್ಲಿ ಮನೆ. ನಡುವೆ ಹತ್ತು ಹೆಜ್ಜೆ, ಹೆಚ್ಚೆಂದರೆ ಹನ್ನೆರಡು. ಆದರೆ ಗಂಡನನ್ನು ಊಟಕ್ಕೆ ಕರೆಯಬೇಕಲ್ಲ, ಅದು ಹೇಗೆ? ಹೆಸರು ಹಿಡಿಯುವ ಮಾತೇ ಇಲ್ಲ. ಕಿಟಕಿಯಿಂದ "ರೀ" ಎಂದು ಕೂಗಿದರೆ ಅರ್ಧ ಬಜಾರ ತಿರುಗಿ ನೋಡುತ್ತದೆ. ಮಾಣಿಕಬಾಯಿ ಸೊಸೆಯಾಗಿ ಬಂದಾಗ ಅತ್ತೆಯೇ ದಾರಿ ತೋರಿಸಿದ್ದರು: ಕಿಟಕಿಯ ಮೇಲಿನ ಬಲ್ಬು. ಎರಡು ಸಲ ಆರಿಸಿ ಹಚ್ಚಿದರೆ ಚಹಾ, ಮೂರು ಸಲವಾದರೆ ಊಟ. ಐದು ಸಲವಾದರೆ ಗಿರಾಕಿಯನ್ನು ಇದ್ದಲ್ಲೇ ಬಿಟ್ಟು ಓಡಿ ಬಾ ಎಂದರ್ಥ.

ಮೂವತ್ತು ವರ್ಷದಲ್ಲಿ ಐದು ಸಲ ಒತ್ತುವ ಪ್ರಸಂಗ ಬಂದದ್ದು ಎರಡೇ ಬಾರಿ. ಮಗಳು ಮಯೂರಿ ಹುಟ್ಟುವ ಬೇನೆ ಎದ್ದಾಗ ಒಮ್ಮೆ, ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಾಗ ಇನ್ನೊಮ್ಮೆ. ಎರಡೂ ಬಾರಿ ಗಂಡ ಶಾಂತವೀರಪ್ಪ, ಅಂಗಡಿಯಲ್ಲೇ ಜೊತೆಗಿದ್ದ ಮೈದುನ ರವಿಕಾಂತ ಇಬ್ಬರೂ ಬರಿಗಾಲಲ್ಲಿ ಓಡಿ ಬಂದಿದ್ದರು.

ಹೋದ ವರ್ಷ ಶಾಂತವೀರಪ್ಪ ಒಂದು ಹೊಸ ನಮೂನೆಯ ಬಲ್ಬು ತಂದ. ಮೊಬೈಲಿನಿಂದ ಹಚ್ಚಬಹುದು, ಬಣ್ಣ ಬದಲಿಸಬಹುದು.

"ಗ್ವಾಡಿ ಮ್ಯಾಲ ಸ್ವಿಚ್ ಅದ ಅಲ್ಲರೀ, ಇದರ ಚೈನಿ ಯಾಕ ಬೇಕಿತ್ತು?" ಎಂದಳು ಮಾಣಿಕಬಾಯಿ.

"ಇಷ್ಟು ವರ್ಷ ನೀನೇ ಕರದಿ. ನನಗ ಹೂಂ ಅನ್ಲಾಕ ದಾರಿ ಇತ್ತೇನು? ಇನ್ನ ಮ್ಯಾಲ ನೀ ಕರಿ, ನಾ ಅಲ್ಲಿಂದ ಹಳದಿ ಮಾಡ್ತೀನಿ. ಹಳದಿ ಆತಂದ್ರ ಬರ್ಲತ್ತೀನಿ ಅಂತ ತಿಳ್ಕೊ," ಎಂದು ಅವನು ನಕ್ಕ. ಸ್ಟೂಲಿನಿಂದ ಇಳಿಯುತ್ತ ಇನ್ನೊಂದು ಮಾತು ಸೇರಿಸಿದ. "ಎರಡು ಸಲ, ಮೂರು ಸಲ ಒತ್ತಿದ್ರ ಚಿಂತಿಲ್ಲ. ಐದು ಸಲ ಮಾತ್ರ ಒತ್ತಬ್ಯಾಡ. ಐದು ಸಲ ಆರಿಸಿ ಹಚ್ಚಿದ್ರ ಇದು ಕಲ್ತದ್ದೆಲ್ಲ ಮರೀತದ."

ಅಂದಿನಿಂದ ಸಂಜೆ ಏಳಾಯಿತೆಂದರೆ, ಇವಳು ಕರೆಯದಿದ್ದರೂ ಬಲ್ಬು ಅರಿಶಿನದ ಬಣ್ಣಕ್ಕೆ ತಿರುಗುತ್ತಿತ್ತು. ಮುಪ್ಪಿನ ಹೊಸ್ತಿಲಲ್ಲಿ ನಿಂತ ಹೆಂಗಸು, ಹೇಳಿಕೊಂಡರೆ ನಾಚಿಕೆ. ಆದರೂ ಆ ಬೆಳಕು ಬಿದ್ದ ಕೂಡಲೇ ಆಕೆಯ ಕೈ ಸೆರಗು ಸರಿಮಾಡಿಕೊಳ್ಳುತ್ತಿತ್ತು.

ಮಾರ್ಗಶಿರದ ಒಂದು ಸಂಜೆ ಆಕೆ ರೊಟ್ಟಿಗೆ ಹಿಟ್ಟು ನಾದುವ ಮೊದಲು ಕಿಟಕಿಗೆ ಬಂದಳು. ಅಂಗಡಿಯಲ್ಲಿ ಶಾಂತವೀರಪ್ಪ ಲೋಡಿಗೆ ಒರಗಿ ಕೂತಿದ್ದ. ತಲೆ ಒಂದು ಕಡೆ ವಾಲಿತ್ತು. ಚಷ್ಮಾ ಜಾರಿ ತೊಡೆಯ ಮೇಲೆ ಬಿದ್ದಿತ್ತು, ಅವನು ಎತ್ತಿಕೊಂಡಿರಲಿಲ್ಲ. ಮಾಣಿಕಬಾಯಿಯ ಕೈ ಸ್ವಿಚ್ಚಿಗೆ ಹೋಯಿತು. ಐದು ಸಲ ಒತ್ತಲೇ? ಒತ್ತಿದರೆ ಬಲ್ಬು ಎಲ್ಲ ಮರೆಯುತ್ತದೆ. ಅವರೇನಾದರೂ ಬರೀ ತೂಕಡಿಸುತ್ತಿದ್ದರೆ ಆಮೇಲೆ ಬೈಸಿಕೊಳ್ಳುವವರು ಯಾರು? ಹಾಗೆ ಹಿಂದುಮುಂದು ನೋಡುತ್ತಿರುವಾಗಲೇ ಬಲ್ಬು ಹಳದಿಯಾಯಿತು. ಅಯ್ಯೋ, ಎಚ್ಚರವಾಗೇ ಇದ್ದಾರೆ, ಬರುತ್ತಿದ್ದಾರೆ ಎಂದು ಆಕೆ ಸಮಾಧಾನದಿಂದ ಒಲೆಯ ಕಡೆ ತಿರುಗಿದಳು. ನಾಲ್ಕು ರೊಟ್ಟಿ ಬಡಿದಿದ್ದಳು, ಕೆಳಗಿನಿಂದ ಜನರ ಗದ್ದಲ ಕೇಳಿಸಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಶಾಂತವೀರಪ್ಪನ ಜೀವ ಹೋಗಿತ್ತು. ಇಪ್ಪತ್ತು ನಿಮಿಷ ಮೊದಲು ತಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು.

ಹೋಗುವ ಜೀವ ಕೊನೆಗೆ ಮಾಡಿದ ಕೆಲಸ ತನಗೆ ಉತ್ತರ ಕೊಟ್ಟದ್ದು. ಮಾಣಿಕಬಾಯಿ ಆ ಒಂದು ಮಾತನ್ನು ಹಿಡಿದುಕೊಂಡು ಬದುಕಿದಳು. ಮಣ್ಣು ಮಾಡಿ ಬಂದ ಮರುದಿನ ಏಳಕ್ಕೆ ಬಲ್ಬು ತಾನಾಗಿ ಹಳದಿಯಾದಾಗ, ಕೂತಿದ್ದ ಹೆಂಗಸರೆಲ್ಲ ಕೈಮುಗಿದರು. ಆಕೆ ಸ್ವಿಚ್ಚಿನ ಮೇಲೆ ಟೇಪು ಅಂಟಿಸಿ, ಯಾರೂ ಮುಟ್ಟಕೂಡದೆಂದಳು. ಆಮೇಲೆ ಜಗತ್ತೇ ಮುಳುಗಲಿ, ಏಳು ಗಂಟೆಗೆ ಆಕೆ ಆ ಕಿಟಕಿಯ ಕೆಳಗೇ ಇರಬೇಕು. ಮೊನ್ನೆ ಭಾನುವಾರ ಮಯೂರಿಗೆ ಗೊತ್ತು ಮಾಡಿದ್ದ ವರನ ಮನೆ ನೋಡಲು ನಿಲಂಗಾಕ್ಕೆ ಹೋದಾಗಲೂ ಅದೇ ಆಯಿತು. ಬೀಗರಾಗುವವರು ಎಲೆ ಹಾಕಿದ್ದರು, ಹೋಳಿಗೆ ಬಡಿಸಿದ್ದರು. ಈಕೆ ಐದಕ್ಕೇ ಎದ್ದು ನಿಂತು, "ಏಳಕ್ಕ ನಾ ಮನಿಯಾಗ ಇರಬೇಕ್ರಿ" ಎಂದು ಹೊರಟೇಬಿಟ್ಟಳು.

ಮಂಗಳವಾರ ಸಂಜೆ ಅವರ ಫೋನು ಬಂತು. ಎಲೆಯ ಮುಂದಿನಿಂದ ಎದ್ದು ಹೋದವರ ಮನೆಯ ಹೆಣ್ಣು ನಮಗೆ ಬೇಡ ಎಂದಿದ್ದರು. ಮಯೂರಿ ಶಾಲೆಯಲ್ಲಿ ಕಲಿಸುವವಳು, ಜೋರು ಮಾತಿನವಳಲ್ಲ. ಫೋನು ಇಟ್ಟು ತಾಯಿಯ ಮುಂದೆ ಬಂದು ಕೂತಳು. ಆಗಲೇ ಏಳಾಗಿ ಬಲ್ಬು ಹಳದಿಯಾಯಿತು. ತಾಯಿ ಎಂದಿನಂತೆ ಸೆರಗು ಸರಿಮಾಡಿಕೊಂಡಳು. ಅದನ್ನು ನೋಡಿ ಮಗಳಿಗೆ ತಡೆಯಲಾಗಲಿಲ್ಲ.

"ಅವ್ವಾ, ಅದು ಅಪ್ಪ ಅಲ್ಲ. ಟೈಮರ್ ಅದ. ‘ಗಿರಾಕಿ ಬಂದ್ರ ನನಗ ಮರೀತದ, ನಿಮ್ಮವ್ವ ಮುನಿಸ್ಕೋತಾಳ, ಅದಕ್ಕ ದಿನಾ ಏಳಕ್ಕ ತಾನೇ ಹತ್ತೂಹಂಗ ಮಾಡ್ಯೀನಿ’ ಅಂತ ಅಪ್ಪನೇ ಶ್ರಾವಣದಾಗೇ ನನಗ ಹೇಳಿದ್ದ. ನಿನಗ ಹೇಳಬ್ಯಾಡ ಅಂದಿದ್ದ."

ಮಾಣಿಕಬಾಯಿ ಬಲ್ಬಿನಿಂದ ಕಣ್ಣು ತೆಗೆಯದೆ ಕೇಳಿದಳು.

"ಶ್ರಾವಣದಾಗ ಅಂದಿ?"

"ಹೂಂ."

"ಅಂದ್ರ ಆ ದಿನಾನೂ ಅದೇ ಹತ್ತಿತ್ತೇನ?"

ತಾನು ಏನು ಹೇಳಿಬಿಟ್ಟೆನೆಂದು ಮಯೂರಿಗೆ ಆಗ ತಿಳಿಯಿತು. ಆಡಿದ ಮಾತು, ಒಡೆದ ಮುತ್ತು.

ಮಾಣಿಕಬಾಯಿ ಗೋಡೆ ಹಿಡಿದು ಎದ್ದಳು. ಸ್ವಿಚ್ಚಿನ ಮೇಲಿನ ಟೇಪನ್ನು ಉಗುರಿನಿಂದ ಎಬ್ಬಿಸಿದಳು. ಗಂಡ ನೆನಪಿಟ್ಟುಕೊಂಡು ಕಲಿಸಿದ ಬೆಳಕು ಅದು, ಒತ್ತಿದರೆ ಹೋಗುತ್ತದೆ. ಆದರೆ ಅಂದು ಕರೆಯಬೇಕಾದ ಕರೆ ಕೈಯಲ್ಲೇ ಉಳಿದಿತ್ತು, ಅದನ್ನು ಇಟ್ಟುಕೊಂಡು ಆಕೆ ಇನ್ನೊಂದು ರಾತ್ರಿ ಮಲಗುವ ಹಾಗಿರಲಿಲ್ಲ.

"ಬ್ಯಾಡವ್ವಾ, ಎಲ್ಲಾ ಹೋಗ್ತದ," ಎಂದು ಮಯೂರಿ ಕೈ ಹಿಡಿಯಲು ಬಂದಳು.

ಆಕೆ ಒತ್ತಿದಳು. ಒಂದು, ಎರಡು, ಮೂರು, ನಾಲ್ಕು, ಐದು.

ಬಲ್ಬು ಪಟಪಟನೆ ಮಿಟುಕಿತು, ಆಮೇಲೆ ಕೊಂಡು ತಂದ ದಿನದ ಹಾಗೆ ಬಿಳಿಯಾಗಿ ನಿಂತಿತು. ಆ ಬಿಳುಪಿನಲ್ಲಿ ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಮೈದುನ ರವಿಕಾಂತ ಬಾಗಿಲಲ್ಲಿ ನಿಂತಿದ್ದ. ಬರಿಗಾಲು, ಕೈಯಲ್ಲಿ ಬಟ್ಟೆ ಅಳೆಯುವ ಕೋಲು ಹಾಗೇ ಇತ್ತು.

"ಕಾಯ್ ಝಾಲಂ ವೈನಿ? ಐದು ಸಲ ಹತ್ತಿತು, ಏನಾತ್ರಿ?" ಎಂದು ಗಾಬರಿಯಲ್ಲಿ ಮರಾಠಿ ಕನ್ನಡ ಬೆರೆಸಿ ಅತ್ತಿಗೆಯನ್ನು ಕೇಳಿದ.

ಮಾಣಿಕಬಾಯಿ ಅವನ ಬರಿಗಾಲನ್ನು ನೋಡಿದಳು.

"ಆ ದಿನಾ ನೀವು ಎಲ್ಲಿದ್ರಿ, ರವಿಕಾಂತ?"

ಯಾವ ದಿನ ಎಂದು ಅವನು ಕೇಳಲಿಲ್ಲ. "ಹಿಂದಿನ ಗೋದಾಮಿನಾಗ ಬಟ್ಟಿ ಥಾನು ಜೋಡಸ್ಲತ್ತಿದ್ನ್ರಿ. ಬಾಗಲಾ ತೆರದೇ ಇತ್ತು," ಎಂದ. ಇನ್ನೂ ಏದುಸಿರು ಬಿಡುತ್ತಲೇ, ಆಕೆ ಕೇಳದಿದ್ದುದನ್ನೂ ಹೇಳಿದ. "ಅಲ್ಲಿಂದ ನಿಮ್ಮ ಕಿಟಕಿ ಕಾಣ್ತದ, ವೈನಿ. ಆ ದಿನಾ ಐದು ಸಲ ಹತ್ತಲಿಲ್ಲ."