ಸಂಭಾವಿತ ಮಣ್ಣು

ಮಣ್ಣಪ್ಪ ಎಂದು ಅವನಿಗೆ ಹೆಸರಿಟ್ಟವರು ಪ್ರಯೋಗಾಲಯದವರು. ಇಪ್ಪತ್ತಾರು ವರ್ಷ ಊರವರ ಮಣ್ಣನ್ನೆಲ್ಲ ಒಣಗಿಸಿ, ಜರಡಿ ಹಿಡಿದು, ಆಮ್ಲದಲ್ಲಿ ಕುದಿಸಿ, ಅದರಲ್ಲಿ ಬೆಳೆದದ್ದನ್ನು ತಿನ್ನಬಹುದೋ ಬಾರದೋ ಎಂದು ಬರೆದುಕೊಟ್ಟವನನ್ನು ಇನ್ನೇನೆಂದು ಕರೆದಾರು! ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ ಮಗಳು ಚಿಕ್ಕಂದಿನಿಂದಲೂ ಕೇಳುವುದು ಒಂದೇ ಪ್ರಶ್ನೆ, ಇವತ್ತು ಯಾರ ಮಣ್ಣು ಕೆಟ್ಟಿದೆ ಎಂದು. ಟೈರ್ ಗುಜರಿಯವನದು, ಬಣ್ಣದ ಕಾರ್ಖಾನೆಯ ಹಿಂದಿನವರದು ಎಂದು ಅವನು ಹೇಳುವನು. ಅಯ್ಯೋ ಪಾಪ ಎನ್ನುತ್ತಲೇ ಅವಳು ಇನ್ನೊಂದು ತುತ್ತು ತಿನ್ನುವಳು.

ಮೂರು ವರ್ಷದ ಹಿಂದೆ ಹದಿನೇಳು ದಿನ ಊರಿಗೆ ದಿನಸಿ, ತರಕಾರಿಯ ಲಾರಿಗಳು ಬರಲಿಲ್ಲ. ಚೀಲ ಹಿಡಿದು ಸಾಲಿನಲ್ಲಿ ನಿಂತು ನಿಂತು, ಕೊನೆಗೆ ಒಂದು ಉಪ್ಪಿನ ಪ್ಯಾಕೆಟ್ ಹಿಡಿದು ಮನೆಗೆ ಬಂದ ದಿನ ಅವನು ಮನಸ್ಸು ಗಟ್ಟಿ ಮಾಡಿಕೊಂಡ. ಮುಂದೆ ಇಂಥ ಕಾಲ ಬಂದೇ ಬರುತ್ತದೆ, ಇದಕ್ಕಿಂತ ಕೆಟ್ಟದ್ದೂ ಬರುತ್ತದೆ. ಆಗ ತನ್ನ ಮನೆಯವರು ಯಾರ ಬಾಗಿಲಲ್ಲೂ ನಿಲ್ಲಬಾರದು. ಹಿತ್ತಿಲನ್ನು ಅಗೆದ. ಕಪ್ಪು ಪ್ಲಾಸ್ಟಿಕ್ ಚೂರುಗಳು, ಲೋಹದ ತುಂಡುಗಳು ಸಿಕ್ಕವು. ಹಿಂದೆ ಅಲ್ಲೊಬ್ಬ ಬ್ಯಾಟರಿ ರಿಪೇರಿಯವನು ಶೆಡ್ ಹಾಕಿಕೊಂಡಿದ್ದನಂತೆ. ಎಲ್ಲ ಆರಿಸಿ ಎಸೆದು ಕೈ ತೊಳೆದುಕೊಂಡ. ನೋಡಿ, ಊರ ಮಣ್ಣನ್ನೆಲ್ಲ ಸೋಸಿದ ಮನುಷ್ಯ ಅಲ್ಲಿ ಅಷ್ಟಕ್ಕೇ ಬಿಟ್ಟ.

ಸೊಪ್ಪು ಬಂತು, ಮೂಲಂಗಿ ಬಂತು, ಗೆಣಸು ಬಂತು. ಮೊದಲು ಮೂಗು ಮುರಿದ ಹೆಂಡತಿ ಆಮೇಲೆ ನೆರೆಮನೆಗಳಿಗೆಲ್ಲ ಹಂಚಿ ಹೊಗಳಿಸಿಕೊಂಡಳು. ಮಗಳು ಬಸುರಿಯಾದಾಗ, ಆ ಅಂಗಡಿಯ ತರಕಾರಿ ತಿನ್ನಬೇಡ, ಇಲ್ಲಿಗೇ ಬಂದುಬಿಡು ಎಂದು ಹಟ ಹಿಡಿದು ಗಂಡನ ಮನೆಯಿಂದ ಕರೆಸಿಕೊಂಡವನೂ ಅವನೇ. ಈಗ ಅವಳಿಗೆ ಏಳು ತಿಂಗಳು. ಬಂದು ನಾಲ್ಕು ತಿಂಗಳಾಯಿತು.

ಪ್ರಯೋಗಾಲಯದಲ್ಲಿ ಅನುಮಾನದ ಮಣ್ಣಿನ ಜೊತೆಗೆ, ಶುದ್ಧವೆಂದು ಗೊತ್ತಿರುವ ಒಂದು ಮಣ್ಣನ್ನೂ ಪ್ರತಿ ಸಲ ಪರೀಕ್ಷೆಗೆ ಹಾಕುತ್ತಾರೆ. ಯಂತ್ರ ನೆಟ್ಟಗಿದೆಯೋ ಇಲ್ಲವೋ ತಿಳಿಯಬೇಕಲ್ಲ. ಆ ಮಣ್ಣಿಗೆ ಅವರು ತಮಾಷೆಗೆ ಇಟ್ಟ ಹೆಸರು ಸಂಭಾವಿತ. ಆ ಸೋಮವಾರ ಸಂಭಾವಿತನ ಡಬ್ಬಿ ಖಾಲಿಯಾಗಿತ್ತು, ಹೊಸದು ಬರಲು ವಾರ ಬೇಕಿತ್ತು. ಅದಕ್ಕೇನಂತೆ ಎಂದು ಮಣ್ಣಪ್ಪ ಮರುದಿನ ತನ್ನ ಹಿತ್ತಿಲಿನಿಂದ ಒಂದು ಹಿಡಿ ತಂದ. ಇದಕ್ಕಿಂತ ಸಂಭಾವಿತ ಊರಲ್ಲೇ ಸಿಗುವುದಿಲ್ಲ ಎಂದು ನಕ್ಕ.

ಗುರುವಾರ ಬೆಳಿಗ್ಗೆ ಜೊತೆಯಲ್ಲಿ ಕೆಲಸ ಮಾಡುವಾಕೆ ಯಂತ್ರ ಕೆಟ್ಟಿದೆ ಎಂದಳು. ಬಣ್ಣದ ಕಾರ್ಖಾನೆಯ ಮಣ್ಣಿಗಿಂತ ಸಂಭಾವಿತನಲ್ಲೇ ನಾಲ್ಕು ಪಟ್ಟು ಸೀಸ ತೋರಿಸುತ್ತಿತ್ತು. ಅವನು ತಾನೇ ಕೂತು ಮತ್ತೆ ಹಾಕಿದ. ಅಷ್ಟೇ ಬಂತು. ಮೂರನೇ ಸಲವೂ ಅಷ್ಟೇ. ಸೀಸ ಎಷ್ಟಿದೆ ಎಂದು ಮೊದಲೇ ಗೊತ್ತಿರುವ, ಅಳತೆಗೆಂದೇ ಬಾಟಲಿಯಲ್ಲಿ ಬರುವ ದ್ರಾವಣ ಹಾಕಿ ನೋಡಿದ. ಯಂತ್ರಕ್ಕೆ ಏನೂ ಆಗಿರಲಿಲ್ಲ.

ಇದು ಎಲ್ಲಿಯ ಮಣ್ಣು ಎಂದು ಬರೆಯಲಿ ಎಂದು ಆಕೆ ಕೇಳಿದಳು. ತಾನೇ ಬರೆಯುತ್ತೇನೆ ಎಂದ. ಅವನಿಗೆ ಅಳುವೂ ಬರಲಿಲ್ಲ, ಗಾಬರಿಯೂ ಆಗಲಿಲ್ಲ, ಅದೇ ಅವನಿಗೆ ವಿಚಿತ್ರ ಅನ್ನಿಸಿತು. ಬೀಕರುಗಳನ್ನು ತೊಳೆದು, ಒರೆಸಿ, ಬೋರಲು ಹಾಕಿದ. ಹೆಂಡತಿ ಸೊಪ್ಪು ಹಂಚಿದ ಮನೆಗಳು ಒಂದೊಂದಾಗಿ ನೆನಪಾದವು. ಒಂದು ಗಂಟೆಯಾಯಿತು, ಊಟಕ್ಕೆ ಹೊರಟ. ದಾರಿಯಲ್ಲಿ ಚಪ್ಪಲಿ ಹೊಲಿಯುವವನು ನಮಸ್ಕಾರ ಹೇಳಿದ, ಇವನೂ ಹೇಳಿದ.

ಹಸಿವು ತಡೆಯಲಾಗದೆ ಮಗಳು ಆಗಲೇ ಊಟ ಶುರು ಮಾಡಿದ್ದಳು. ತಟ್ಟೆ ತುಂಬ ಸೊಪ್ಪು.

“ಇವತ್ತು ಯಾರ ಮಣ್ಣು ಕೆಟ್ಟಿದೆ ಅಪ್ಪಾ?”

“ನಮ್ಮದು.”

ಅವಳು ನಕ್ಕು ಇನ್ನೊಂದು ತುತ್ತು ಎತ್ತಿದಳು. ಅವನು ಅವಳ ಮಣಿಕಟ್ಟು ಹಿಡಿದ. ತುತ್ತು ತಟ್ಟೆಗೆ ಬಿತ್ತು. ಹೆಂಡತಿ ಸೌಟು ಹಿಡಿದು ನಿಂತಲ್ಲೇ ನಿಂತಳು. ಸೀಸ ಇದೆ ಎಂದ, ಎಷ್ಟಿದೆ ಎಂದೂ ಹೇಳಿದ, ಬಂದವರಿಗೆಲ್ಲ ದಿನವೂ ಹೇಳುವ ಅದೇ ದನಿಯಲ್ಲಿ. ಈಗಲೇ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು ಎಂದ. ಮಗಳ ಇನ್ನೊಂದು ಕೈ ಹೊಟ್ಟೆಯ ಮೇಲೆ ಹೋಯಿತು.

“ಮೂರು ವರ್ಷದಲ್ಲಿ ಒಂದ್ಸಲನೂ ಪರೀಕ್ಷೆ ಮಾಡಿರ್ಲಿಲ್ವಾ ಅಪ್ಪಾ?”

“ಇಲ್ಲಮ್ಮಾ,” ಎಂದ. “ನಮ್ಮದಲ್ವಾ ಅಂತ.”