ಖಾಲಿ ಕುರ್ಚಿಯ ಬೆಲೆ

"ಹನ್ನೆರಡನೇ ಸುತ್ತು. ಬರ್ಕೊಳ್ಳಿ," ಎಂದರು ಪುಷ್ಪಾವತಿ ಮೇಡಂ.

ಕೊರಟಗೆರೆಯ ಆ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದ ಗಣಿತಕ್ಕೆ ಇದ್ದವರೇ ಒಂಬತ್ತು ಜನ. ಕಂಪ್ಯೂಟರ್ ಲ್ಯಾಬು ಹೆಸರಿಗಷ್ಟೇ. ಹಾಗಾಗಿ ಮೇಡಂ ಮಕ್ಕಳನ್ನೇ ಕಂಪ್ಯೂಟರ್ ಮಾಡಿಬಿಟ್ಟಿದ್ದರು. ಮೂರು ಸಾಲು, ಸಾಲಿಗೆ ಮೂರು ಕುರ್ಚಿ. ಮುಂದಿನ ಬೋರ್ಡಿನ ಬೆಲೆ ನೂರು, ಉಳಿದ ಮೂರು ಗೋಡೆಗಳದ್ದು ಸೊನ್ನೆ. ಪ್ರತಿಯೊಬ್ಬರೂ ತಮ್ಮ ನಾಲ್ಕು ದಿಕ್ಕಿನ ಬೆಲೆಗಳನ್ನು ಕೂಡಿಸಿ, ನಾಲ್ಕರಿಂದ ಭಾಗಿಸಿ ಬರೆಯಬೇಕು. ಅಕ್ಕಪಕ್ಕದವರದ್ದು ಬದಲಾದರೆ ತಮ್ಮದನ್ನೂ ತಿದ್ದಬೇಕು. ಸುತ್ತುಗಳು ಕಳೆದು ಯಾರ ಬೆಲೆಯೂ ಅಲುಗಾಡದೆ ನಿಂತರೆ ಒಂಬತ್ತು ಸಮೀಕರಣಗಳೂ ಬಿಡಿಸಿದಂತೆ.

"ನೀವು ಪಕ್ಕದವರನ್ನ ಎಷ್ಟು ಎಳೀತೀರೋ, ಅವ್ರೂ ನಿಮ್ಮನ್ನ ಅಷ್ಟೇ ಎಳೀತಾರೆ. ಸಮಮಿತಿ ಅಂದ್ರೆ ಇದೇ," ಎಂದು ಮೊದಲೇ ಹೇಳಿದ್ದರು.

ನಡುವಿನ ಕುರ್ಚಿ ಖಾಲಿ. ತೋವಿನಕೆರೆಯಿಂದ ಬಸ್ಸಿಗೆ ಬರುತ್ತಿದ್ದ ಬಿಂದುಶ್ರೀ ಕಾಣೆಯಾಗಿ ಇಪ್ಪತ್ತು ದಿನ. ಕಾಣೆಯಾಗುವ ಹಿಂದಿನ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಒಂದ್ ಮಾತು ಐತೆ ಮೇಡಂ" ಎಂದಿದ್ದಳು. ಪೇಪರು ತಿದ್ದುತ್ತಿದ್ದ ಪುಷ್ಪಾವತಿ ತಲೆಯೆತ್ತದೆ "ನಾಳೆ ಬಾ" ಎಂದಿದ್ದರು. ಆಮೇಲೆ ಅವರಿಗೆ ಊಟ ಸೇರಿಲ್ಲ. ಎಲ್ಲಿದ್ದರೂ ಸರಿ, ಹುಡುಗಿ ಬದುಕಿದ್ದರೆ ಸಾಕೆಂದು ಗೊರವನಹಳ್ಳಿ ಲಕ್ಷ್ಮಿಗೆ ಹರಕೆ ಹೊತ್ತಿದ್ದರು. ಆ ಕುರ್ಚಿಗೆ ಸೊನ್ನೆ ಹಾಕಿಕೊಳ್ಳಿ ಎಂದು ಇವತ್ತು ಅವರೇ ಹೇಳಿದ್ದರು.

ಈಗ ಪುಸ್ತಕಗಳನ್ನು ನೋಡುತ್ತಾ ಬಂದರು. ಖಾಲಿ ಕುರ್ಚಿಯ ಹಿಂದೆ ಕೂತ ರಂಗೇಶನ ಬೆಲೆ, ಅಲ್ಲಿ ಸೊನ್ನೆ ಹಾಕಿದ್ದರೆ, ಒಂದೂವರೆಗೆ ನಿಲ್ಲಬೇಕಿತ್ತು. ಹತ್ತರ ಹತ್ತಿರ ನಿಂತಿತ್ತು. ಮುಂದೆ ಕೂತ ಲೋಹಿತಾಳದ್ದು ನಲವತ್ತನಾಲ್ಕರ ಬದಲು ಐವತ್ತಮೂರು. ಅಕ್ಕಪಕ್ಕದ ಇಬ್ಬರದ್ದೂ ಹೀಗೆಯೇ. ನಾಲ್ವರೂ ಆ ಕುರ್ಚಿಗೆ ಇಪ್ಪತ್ತೈದು ಹಾಕಿಕೊಂಡಿದ್ದರು. ಅಲ್ಲೊಬ್ಬರು ಕೂತು ಪ್ರತಿ ಸುತ್ತಿಗೂ ಲೆಕ್ಕ ಮಾಡಿದ್ದರೆ ಬರಬೇಕಾದ ಬೆಲೆ ಅದೇ.

"ಸೊನ್ನೆ ಅಂದಿದ್ನಲ್ಲ? ಇಪ್ಪತ್ತೈದು ಎಲ್ಲಿಂದ ಬಂತು?"

ಲೋಹಿತಾ ಅವರನ್ನೇ ವಿಚಿತ್ರವಾಗಿ ನೋಡಿದಳು. "ಅವ್ಳೇ ಹೇಳ್ತಾವ್ಳಲ್ಲ ಮೇಡಂ."

"ಸುತ್ತು ಸುತ್ತಿಗೂ ಹೇಳವ್ಳೆ," ಎಂದ ರಂಗೇಶ. "ನಿಮ್ಗೆ ಕೇಳಿಸ್ನಿಲ್ವಾ?"

ಯಾರೂ ನಗಲಿಲ್ಲ. ಪುಷ್ಪಾವತಿ ಲೋಹಿತಾಳತ್ತ ಬಾಗಿದರು.

"ಎಲ್ಲಿದಾಳಂತೆ... ಕೇಳಮ್ಮ."

ನಾಲ್ಕು ತಲೆಗಳೂ ಒಟ್ಟಿಗೆ ನಡುವಿನ ಕುರ್ಚಿಯತ್ತ ಬಾಗಿದವು.

"ಅದ್ನ ಹೇಳಾಕಿಲ್ಲ ಅಂತಾಳೆ ಮೇಡಂ," ಎಂದಳು ಲೋಹಿತಾ. "ಬರೀ ಚಳಿ ಚಳಿ ಅಂತಾವ್ಳೆ."

ಹೊರಗೆ ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ರಸ್ತೆಯ ಟಾರು ಕರಗುತ್ತಿತ್ತು. ಪುಷ್ಪಾವತಿ ಫ್ಯಾನು ಆರಿಸಿದರು. ಆಮೇಲೆ ಹೋಗಿ ಒಂದೊಂದಾಗಿ ಕಿಟಕಿಗಳನ್ನೆಲ್ಲ ಮುಚ್ಚಿದರು.